ವಾಸಪ್ಪಗೌಡರ ಊಟದ ವಿಡಿಯೊ

ಸುಪ್ರಿಯಾ ತೀರ್ಥಹಳ್ಳಿಯ ಸ್ಟುಡಿಯೊದ ಬಾಗಿಲು ತೆಗೆದು ಇನ್ನೂ ಕಸ ಗುಡಿಸುತ್ತಿದ್ದಳು. ಅಷ್ಟರಲ್ಲಿ ಎದುರಿಗೆ ಜೀಪು ನಿಂತಿತು. ಕೋಣಂದೂರು ಕಡೆಯ ವಾಸಪ್ಪಗೌಡರು ಇಳಿದರು, ಹಿಂದೆ ಅವರ ಹೆಂಡತಿ ದುಗ್ಗಮ್ಮ. ಗೌಡರ ಮುಖ ನೋಡಿದ ಸುಪ್ರಿಯಾ ಪೊರಕೆಯನ್ನು ಕೆಳಗಿಡಲಿಲ್ಲ. ಕೈಯಲ್ಲಿ ಏನಾದರೂ ಇರಲಿ ಅನ್ನಿಸಿತು.

“ನನ್ನ ಊಟದ ವಿಡಿಯೊ ಮೂರೂ ಊರಲ್ಲಿ ಇಟ್ಕಂಡಿದೀರಂತೆ?” ಎಂದು ಗೌಡರು ಗುಡುಗಿದರು.

ಸುಳ್ಳು ಎನ್ನೋಣವೆಂದರೆ ಅದು ನಿಜವೇ ಆಗಿತ್ತು.

ಸ್ಟುಡಿಯೊಕ್ಕೆ ಮೂರು ಅಂಗಡಿ. ಸಾಗರದ್ದನ್ನು ಸುಪ್ರಿಯಾಳ ಅಣ್ಣ ನಿರಂಜನ ನೋಡಿಕೊಳ್ಳುತ್ತಿದ್ದ, ತೀರ್ಥಹಳ್ಳಿಯದನ್ನು ಅವಳು. ಹೊಸನಗರದಲ್ಲಿ ಪಾಲುದಾರ ತೀರ್ಥೇಶ್. ಮೊದಲೆಲ್ಲ ಮದುವೆಯ ವಿಡಿಯೊಗಳು ಹಾರ್ಡ್‌ಡಿಸ್ಕಿನಲ್ಲಿ ಕೂತು, ಟವೆಲ್ ಸುತ್ತಿಕೊಂಡು, ಬಸ್ಸಿನ ಕಂಡಕ್ಟರನ ಕೃಪೆಯಿಂದ ಊರಿಂದೂರಿಗೆ ಓಡಾಡುತ್ತಿದ್ದವು. ಮೂವರೂ ಅವನ್ನು ತಮತಮಗೆ ತೋಚಿದಂತೆ ಕತ್ತರಿಸಿ, ತಮತಮಗೆ ತೋಚಿದ ಹೆಸರಿಡುತ್ತಿದ್ದರು. ‘ಫೈನಲ್’ ಆದಮೇಲೆ ‘ಫೈನಲ್ ಹೊಸದು’, ಅದಾದಮೇಲೆ ‘ಇದೇ ಫೈನಲ್’, ಕೊನೆಗೆ ‘ದೇವರಾಣೆ ಫೈನಲ್’. ದೇವರಾಣೆಯ ಮೇಲೂ ತಿದ್ದುಪಡಿ ಬರುತ್ತಿತ್ತು.

ಹೀಗಿರುವಾಗ ವಾಸಪ್ಪಗೌಡರ ಭಾವ ಮಂಜಯ್ಯನವರ ಮಗಳು ಚೈತ್ರಾಳ ಮದುವೆ ಬಂತು. ಸೋದರಮಾವ ಗೌಡರು ಪಂಕ್ತಿಯಲ್ಲಿ ಕೂತು ಹೋಳಿಗೆಯ ಮೇಲೆ ಮಾಡಿದ ದಾಳಿಯನ್ನು ತೀರ್ಥೇಶ್ ಮನಸಾರೆ ಚಿತ್ರಿಸಿಕೊಂಡ. ಆಮೇಲೆ ಅಂಗಡಿಯಲ್ಲಿ ಬೇಸರವಾದಾಗ ಅದನ್ನು ನಿಧಾನಗತಿಗೆ ಇಳಿಸಿ, ಸಿನಿಮಾದ ಹೊಡೆದಾಟದ ಸಂಗೀತ ಕೂರಿಸಿ, ತುಪ್ಪ ಬೀಳುವಲ್ಲಿ ಸಿಡಿಲಿನ ಸದ್ದು ಸೇರಿಸಿ, ‘ಫೈನಲ್ ಊಟ’ ಎಂದು ಹೆಸರಿಟ್ಟ. ತಾವು ಮೂವರೇ ನೋಡಿ ನಗುವುದಕ್ಕೆ ಮಾಡಿದ್ದು ಅದು. ನಿರಂಜನ ‘ಫೈನಲ್’ ಎಂಬಷ್ಟನ್ನೇ ಓದಿ ಪೆನ್‌ಡ್ರೈವಿಗೆ ತುಂಬಿ ಮಂಜಯ್ಯನವರಿಗೆ ಕೊಟ್ಟ.

ಮಂಜಯ್ಯನವರ ಮನೆಯಲ್ಲಿ ಬೀಗರು, ನೆಂಟರು, ಅಕ್ಕಪಕ್ಕದವರೆಲ್ಲ ಟೀವಿ ಮುಂದೆ ಕೂತಿದ್ದರು. ಗೌಡರ ಬಾಯಿ ಕೊಟ್ಟಿಗೆಯ ಬಾಗಿಲಿನ ಹಾಗೆ ನಿಧಾನವಾಗಿ ತೆರೆಯಿತು. ಹೋಳಿಗೆ ಒಳಹೊಕ್ಕಿತು, ಸಿಡಿಲು ಬಡಿಯಿತು. ಜನ ನೆಲಕ್ಕೆ ಬಿದ್ದು ನಕ್ಕರು. ನಡುವೆ ಅಡುಗೆಯವರ ಚಪ್ಪರ ಕಾಣಿಸಿದ್ದೇ ಮಂಜಯ್ಯ ಎದ್ದು, “ಸಾಕು ಬಿಡ್ರೋ, ಪಾಪ ಅವ್ನಿಗೆ ಬೇಜಾರಾಗುತ್ತೆ” ಎಂದು ಟೀವಿ ಆರಿಸಿದರು. ಆ ‘ಪಾಪ’ವೇ ಗೌಡರನ್ನು ಹೆಚ್ಚು ಚುಚ್ಚಿತು. ಎದ್ದು ಹೋದವರು ಭಾವನ ಮನೆಯಲ್ಲಿ ಮತ್ತೆ ಒಂದು ಲೋಟ ನೀರು ಕುಡಿಯಲಿಲ್ಲ.

ಬೈಗುಳವೆಲ್ಲ ಸುಪ್ರಿಯಾಳ ಪಾಲಿಗೆ ಬಂತು, ಕೋಣಂದೂರಿಗೆ ಹತ್ತಿರದ ಅಂಗಡಿ ಅವಳದು ತಾನೇ. ಇನ್ನು ಈ ಹೆಸರಿನ ಹುಚ್ಚಾಟ ಸಾಕೆಂದು ಅವಳು ಹಟ ಹಿಡಿದು, ಫೈಲುಗಳ ಬದಲಾವಣೆಯ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶ ಕಲಿತಳು. ದೊಡ್ಡ ಫೈಲುಗಳಿಗೆಂದೇ ಅದರ ಜೊತೆ ಅನೆಕ್ಸ್ ಎನ್ನುವುದೊಂದಿತ್ತು, ಅದನ್ನೂ ಮೂರು ಕಂಪ್ಯೂಟರಿಗೆ ಕೂರಿಸಿ, ಹಳೆಯ ವಿಡಿಯೊಗಳನ್ನೆಲ್ಲ ಅದಕ್ಕೆ ಸೇರಿಸಿದಳು. ಎಲ್ಲ ಫೈಲುಗಳ ಹೆಸರು ಮೂರೂ ಕಡೆ ಕಾಣುತ್ತದೆ. ಫೈಲಿನ ಒಡಲು ಎಲ್ಲಿ ಬೇಕೋ ಅಲ್ಲಿ ಮಾತ್ರ ಇರುತ್ತದೆ. ಯಾರು ಯಾವಾಗ ಏನು ಬದಲಿಸಿದರು ಎನ್ನುವುದು ಅಳಿಯದೆ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದಿರುವ ಒಂದೇ ಪ್ರತಿಯನ್ನು ಅಳಿಸಲು ಹೋದರೆ ಅದು ಒಪ್ಪುವುದಿಲ್ಲ.

“ಗಿಟ್ಟೋ ಪಿಟ್ಟೋ, ಇದು ನಮ್ಗೆ ಗಿಟ್ಟಲ್ಲ ಬಿಡು” ಎಂದಿದ್ದ ನಿರಂಜನನೇ ಆಮೇಲೆ ಸಾಗರದಲ್ಲಿ ಯಾರದೋ ನಿಶ್ಚಿತಾರ್ಥದಲ್ಲಿ ಎದೆ ಉಬ್ಬಿಸಿ, “ನಮ್ಮಲ್ಲಿ ಯಾವ ವಿಡಿಯೊನೂ ಕಳ್ಯಲ್ಲ ಕಣ್ರಿ. ಕೋಣಂದೂರಿನ ಹೋಳಿಗೆ ವಿಡಿಯೊ ಕೂಡ ಮೂರೂರಲ್ಲಿ ಭದ್ರವಾಗಿದೆ!” ಎಂದು ಕೊಚ್ಚಿಕೊಂಡ. ಆ ಮಾತು ಗೌಡರ ಕಿವಿಗೆ ಬೀಳದೆ ಇರುತ್ತದೆಯೇ?

“ಈಗ್ಲೇ ಅಳಿಸ್ತೀನಿ ಗೌಡ್ರೆ, ಮೂರೂ ಕಡೆ” ಎಂದಳು ಸುಪ್ರಿಯಾ.

“ಇಲ್ಲಿ ಕೂತು ಅಲ್ಲಿದ್ದು ಅಳಿಸಿದೆ ಅಂದ್ರೆ ನಾನು ನಂಬ್ಬೇಕಾ? ನನ್ ಕಣ್ಣೆದುರಿಗೇ ಆಗ್ಬೇಕು. ಜೀಪು ಹತ್ತು.”

ಮೊದಲು ತೀರ್ಥಹಳ್ಳಿಯದು ಹೋಯಿತು. ಗೌಡರು ಪರದೆಗೆ ಮೂಗು ತಾಗಿಸಿ ನೋಡಿದರು. “ಹೆಸ್ರು ಹಂಗೇ ಇದ್ಯಲ್ಲೇ ಮಾರಾಯ್ತಿ?”

“ಹೆಸ್ರು ಮಾತ್ರ ಗೌಡ್ರೆ. ಒಳಗೆ ಹೂರಣ ಇಲ್ಲ.”

ದುಗ್ಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗೌಡರು ಹೆಂಡತಿಯನ್ನು ದುರುಗುಟ್ಟಿ ನೋಡಿದರು.

ಹುಂಚ ದಾಟಿ ಹೊಸನಗರ ಮುಟ್ಟಿದಾಗ ತೀರ್ಥೇಶನ ಅಂಗಡಿ ತೆರೆದಿತ್ತು, ತೀರ್ಥೇಶ್ ಇರಲಿಲ್ಲ. ಫೋಟೊಕ್ಕೆ ಹಿನ್ನೆಲೆಯಾಗಿ ಇಳಿಬಿಟ್ಟಿದ್ದ ಹಿಮಪರ್ವತದ ಪರದೆ ಮಾತ್ರ ಸಣ್ಣಗೆ ನಡುಗುತ್ತಿತ್ತು.

“ಹಿಮದ ಬೆಟ್ಟಕ್ಕೆ ಹವಾಯಿ ಚಪ್ಲಿ ಬಂದಿದೆ ನೋಡ್ರಿ” ಎಂದರು ದುಗ್ಗಮ್ಮ.

ತೀರ್ಥೇಶ್ ಹೊರಬಂದು ಗೌಡರ ಕಾಲಿಗೇ ಬಿದ್ದ. ಗೌಡರು ಕಾಲು ಹಿಂದಕ್ಕೆಳೆದುಕೊಂಡರು. “ಏಳೋ, ಇದನ್ನೂ ನಿಧಾನಕ್ಕೆ ಓಡಿಸಿ ತೋರಿಸ್ತೀಯಾ ಯಾರಿಗಾದ್ರೂ?” ಅವನೇ ಎದ್ದು ತನ್ನ ಕಂಪ್ಯೂಟರಿನ ಪ್ರತಿಯನ್ನು ಅಳಿಸಿದ. ತಾನು ಅಷ್ಟು ಶ್ರಮಪಟ್ಟು ಕೂರಿಸಿದ್ದ ಸಿಡಿಲು ಹೋದದ್ದಕ್ಕೆ ಅವನಿಗೆ ದುಃಖವೂ ಆದಂತಿತ್ತು. ಆದರೆ ಅದನ್ನು ತೋರಿಸಿಕೊಳ್ಳುವ ಸಮಯ ಅದಲ್ಲ.

ಸಾಗರದಲ್ಲಿ ನಿರಂಜನ ಚಹಾ ತರಿಸಿದ. ಗೌಡರು ಮುಟ್ಟಲಿಲ್ಲ. ಸುಪ್ರಿಯಾ ಅಳಿಸುವ ಆಜ್ಞೆ ಕೊಟ್ಟಳು. ಕಂಪ್ಯೂಟರ್ ಒಪ್ಪಲಿಲ್ಲ. ಬೇರೆಲ್ಲೂ ಇದರ ಪ್ರತಿ ಉಳಿದಿಲ್ಲ, ಹಾಗಾಗಿ ಅಳಿಸಲಾರೆ ಎಂದಿತು.

“ಯಾರದು ಆಗಲ್ಲ ಅನ್ನೋದು?” ಗೌಡರು ಎದ್ದು ನಿಂತರು.

“ಕಂಪ್ಯೂಟರ್” ಎಂದ ನಿರಂಜನ.

“ಹೊಟ್ಟೆ ನಂದು, ಬಾಯಿ ನಂದು. ಇದ್ಯಾವ ದೊಣ್ಣೆನಾಯಕ ತಡೆಯೋಕೆ?”

“ಬಲವಂತ ಮಾಡಿದ್ರೆ ಅಳ್ಸುತ್ತೆ ಗೌಡ್ರೆ. ಆಮೇಲೆ ಬ್ರಹ್ಮ ಬಂದ್ರೂ ವಾಪಸ್ ತರೋಕಾಗಲ್ಲ” ಎಂದು ಸುಪ್ರಿಯಾ ಕೀಲಿಮಣೆಯ ಕಡೆ ಕೈ ಚಾಚಿದಳು.

“ತಡಿ ಹುಡ್ಗಿ. ನಾನೊಂದ್ಸಲ ಪೂರ್ತಿ ನೋಡ್ತೀನಿ” ಎಂದರು ದುಗ್ಗಮ್ಮ. “ಅವತ್ತು ಅರ್ಧಕ್ಕೇ ಟೀವಿ ಆರಿಸಿದ್ರು.”

“ಮರ್ಯಾದೆ ಇಲ್ವೇನೇ ನಿಂಗೆ?”

“ನಲವತ್ತು ವರ್ಷದಿಂದ ಎದುರಿಗೇ ನೋಡ್ತಿದೀನಿ, ಟೀವಿಲಿ ನೋಡಿದ್ರೆ ಕಣ್ಣು ಹೋಗುತ್ತಾ?”

ಗೌಡರು ಗೋಡೆಯ ಕಡೆ ಮುಖ ತಿರುಗಿಸಿ ಕೂತರು. ಹೋಳಿಗೆ ಹೋಯಿತು, ತುಪ್ಪ ಬಿತ್ತು, ಸಿಡಿಲು ಬಡಿಯಿತು. ದುಗ್ಗಮ್ಮ ನಗುವನ್ನು ನುಂಗಿ ನುಂಗಿ ಕೆಮ್ಮಿದರು. ಆಮೇಲೆ ಅಡುಗೆಯವರ ಚಪ್ಪರ ಬಂತು. ಬೆಳಗಿನ ಹೊತ್ತು, ಧಾರೆ ಇನ್ನೂ ಆಗಿಲ್ಲ. ಕಂಬಳಿ ಹೊದ್ದ ಒಬ್ಬ ಮನುಷ್ಯ ಅತ್ತಿತ್ತ ನೋಡುತ್ತ ಬಂದು ಬಾಣಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಒಂದರ ಹಿಂದೊಂದು ವಡೆ ಬಾಯಿಗೆ ಹೋದವು. ಕಂಬಳಿ ಜಾರಿತು.

“ಅಯ್ಯೋ, ಮಂಜಯ್ಯಣ್ಣ!” ಎಂದರು ದುಗ್ಗಮ್ಮ.

ಗೌಡರು ಗಿರಕ್ಕನೆ ತಿರುಗಿದರು. “ಉಪವಾಸ ಅಂದಿದ್ನಲ್ಲೇ! ಧಾರೆ ಎರೆಯೋವರೆಗೂ ಹನಿ ನೀರೂ ಮುಟ್ಟಲ್ಲ ಅಂತ ಚಪ್ಪರ ತುಂಬ ಹೇಳ್ಕಂಡು ತಿರುಗಿದ್ನಲ್ಲೇ! ಅದಕ್ಕೇ ಟೀವಿ ಆರಿಸಿದ್ದು ಅವ್ನು. ಪಾಪ ಅಂತೆ ಪಾಪ!” ಗೌಡರು ನಗತೊಡಗಿದರು. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ, ಮುಟ್ಟದೆ ಇಟ್ಟಿದ್ದ ಚಹಾವನ್ನು ಗಟಗಟ ಕುಡಿದರು. “ಅಳಿಸ್ಬೇಡ. ಮೂರೂರಿಗೂ ವಾಪಸ್ ಹಾಕು. ಮನೆಮನೆಗೂ ಒಂದು ಕೊಡು.”

ಸುಪ್ರಿಯಾಗೆ ನಗು ಬಂದರೂ ಯಾಕೋ ಸಿಟ್ಟೂ ಬಂತು. ಬೆಳಗಿನಿಂದ ಜೀಪಿನಲ್ಲಿ ಕುಲುಕಿ ಬೆನ್ನು ನೋಯುತ್ತಿತ್ತು. “ನಿಮ್ಗೆ ಅವಮಾನ ಆದ್ರೆ ಅಳಿಸ್ಬೇಕು, ಅವ್ರಿಗೆ ಆದ್ರೆ ಹಂಚ್ಬೇಕಾ ಗೌಡ್ರೆ? ಆಗಲ್ಲ.”

ಗೌಡರು ಖಾಲಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ನಿರಂಜನ ಮೆಲ್ಲನೆ ಬಾಗಿಲ ಕಡೆ ಸರಿದ.

“ಸರಿ ಮಾರಾಯ್ತಿ. ಹಂಚಲ್ಲ. ಭಾವಂಗೆ ಮಾತ್ರ ತೋರಿಸ್ತೀನಿ.”

“ನಾನು ಜೊತೇಲಿ ಇರ್ತೀನಿ” ಎಂದು ದುಗ್ಗಮ್ಮ, ಸುಪ್ರಿಯಾ ವಿಡಿಯೊ ತುಂಬಿಕೊಟ್ಟ ಪೆನ್‌ಡ್ರೈವನ್ನು ತಾವೇ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆ ವಾರ ಸುಪ್ರಿಯಾ ಫೋನು ಬಡಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು. ಕೊನೆಗೆ ಮಂಜಯ್ಯನವರೇ ಫೋನು ಮಾಡಿದರು. ದನಿ ತಗ್ಗಿತ್ತು, ಯಾರಿಗೋ ಕೇಳಿಸಬಾರದು ಎನ್ನುವ ಹಾಗೆ.

“ಒಂದು ಉಪಕಾರ ಮಾಡು ತಂಗಿ. ಆ ವಡೆ ಭಾಗ ಅಳಿಸಿಬಿಡು. ವಾಸಪ್ಪ ಬಂದು ತೋರಿಸ್ದ, ಇಬ್ರೂ ನಕ್ವಿ, ಅದು ಅಲ್ಲಿಗೆ ಮುಗೀತು. ನಮ್ಮನೆಯವ್ಳು ಹಿಂದೆ ನಿಂತಿದ್ದು ಗೊತ್ತಾಗ್ಲಿಲ್ಲ. ಅವ್ಳು ಅವತ್ತು ನಿಜ್ವಾಗ್ಲೂ ಉಪವಾಸ ಇದ್ಲು. ಈಗ ನನ್ ಹತ್ರ ಮಾತು ಬಿಟ್ಟಿದಾಳೆ.”

“ವಾಸಪ್ಪಗೌಡ್ರನ್ನ ಒಂದು ಮಾತು ಕೇಳ್ಬೇಕಲ್ರೀ” ಎಂದಳು ಸುಪ್ರಿಯಾ.

“ಇಲ್ಲೇ ಊಟಕ್ಕೆ ಕೂತಿದಾನೆ. ತಾಳು, ಕೇಳ್ತೀನಿ.”

ಫೋನಿನ ಆಚೆ ಏನೋ ಗುಸುಗುಸು ನಡೆಯಿತು. ಆಮೇಲೆ ಬಾಯಿ ತುಂಬ ಅನ್ನವಿದ್ದ ದನಿಯೊಂದು ಸುಪ್ರಿಯಾಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿತು: “ಆಗಲ್ಲ ಭಾವ!”