ಮಾರ್ಟಳ್ಳಿಗೆ ಹೋಗಬೇಕಾದ ಕಾರು

ಚೌಡಯ್ಯ ನಾಲ್ಕನೇ ಸಲ ಹ್ಯಾಂಡಲ್ ತಿರುವಿದ. ಎಂಜಿನ್ ಎದ್ದಿತು. ಒಳಗೆ ಕೂತಿದ್ದ ದೇವಣ್ಣ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಕುಗ್ಗುತ್ತಾ ಕುಗ್ಗುತ್ತಾ ನಿಂತುಹೋಯಿತು.

"ಸ್ಲೋನಲ್ಲಿ ನಿಲ್ಲಾಕಿಲ್ಲ ಅಂತದೆ ಕಣ್ಲಾ," ಎಂದ ದೇವಣ್ಣ.

"ಕಾಲು ಒತ್ಕಂಡೇ ಓಗ್ಬುಡ್ಲಾ?" ಎಂದ ಚೌಡಯ್ಯ.

"ಅನೂರು ದಾಟಿ ಏರಲ್ಲಿ ನಿಂತ್ರೆ ನಿಮ್ಮಪ್ಪ ಬಂದು ತಳ್ತಾನಾ?"

ಕಾರಿನೆದುರಿನ ಮನೆಯ ಜಗುಲಿಯ ಮೇಲೆ, ಕೊಳ್ಳೇಗಾಲದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಮುದ್ದಯ್ಯ ಮೇಸ್ತ್ರಿಯ ಹೆಣವನ್ನು ಮಲಗಿಸಿದ್ದರು. ಒಬ್ಬಳೇ ಮಗಳು ರುದ್ರಾಣಿ ಇದ್ದದ್ದು ಮಾರ್ಟಳ್ಳಿಯಲ್ಲಿ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಚೌಡಯ್ಯನ ಬಾಡಿಗೆ ಕಾರು ಹೋಗಿ ಕರೆತರದಿದ್ದರೆ, ಹೊತ್ತು ಮುಳುಗುವ ಮುಂಚೆ ಮಣ್ಣಾಗುವ ಅಪ್ಪನ ಮುಖ ಅವಳಿಗಿಲ್ಲ.

"ಮೇಸ್ತ್ರಿ ಇದ್ದಿದ್ರೆ ಬಾನೆಟ್ ಮ್ಯಾಲೆ ಕೈ ಮಡಗಿ ಯೋಳ್ಬುಡೋರು," ಎಂದರು ಯಾರೋ.

"ಮಾತೇ ಇಲ್ಲ ಮಾರಾಯ. ಎಂಟು ಕೇಳುದ್ರೆ ಒಂದ್ಸಲ ತಲೆ ಆಡ್ಸೋರು."

"ತೂಕದ ಮನ್ಸ."

ಶಿವರತ್ನಮ್ಮ ಗಂಡನ ತಲೆಯ ಬಳಿ ಕೂತಿದ್ದಳು. ಎಂಜಿನ್ ಕುಗ್ಗಿದಾಗಲೆಲ್ಲ ಅವಳ ಕೈ ಸೆರಗನ್ನು ಹಿಂಡುತ್ತಿತ್ತು.

*

ಆರು ವರ್ಷದ ಹಿಂದೆ, 1962ರಲ್ಲಿ, ಜ್ವರ ಬಿಟ್ಟ ಬೆಳಿಗ್ಗೆ ಮುದ್ದಯ್ಯ ಸ್ಪ್ಯಾನರನ್ನು ಕಲ್ಲಿನ ಮೇಲೆ ಬೀಳಿಸಿ ನೋಡಿದ. ಮತ್ತೊಮ್ಮೆ ಬೀಳಿಸಿದ.

"ಕಿವುಡನ ತಾವ ಯಾರು ಗಾಡಿ ಬುಡ್ತಾರೆ, ರತ್ನಾ?" ಎಂದು ಕೂಗಿದ, ತನ್ನ ದನಿ ಎಷ್ಟು ಜೋರೆಂದು ತಿಳಿಯದೆ. ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳು ರೇಷ್ಮೆ ನೇಯುವವರ ಮನೆಯ ಮಗಳು. ಮೂರು ಮಗ್ಗ ಒಟ್ಟಿಗೆ ಬಡಿಯುವಾಗ ಯಾವುದು ತಪ್ಪಿತೆಂದು ಅಡುಗೆಮನೆಯಿಂದಲೇ ಹೇಳುತ್ತಿದ್ದವಳು. ಅಂದಿನಿಂದ ಗಂಡನ ಷೆಡ್ಡಿಗೆ ಗಾಡಿ ಬಂದಾಗಲೆಲ್ಲ ಕಾಫಿ ತಂದು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಳು. ಲೋಟ ಬಲಗಡೆ ಮಡ್ಗಾರ್ಡಿನ ಮೇಲಿಟ್ಟರೆ ಕಾರ್ಬೊರೇಟರ್, ಎಡಗಡೆಯಾದರೆ ವಾಲ್ವು, ನೆಲದ ಮೇಲಾದರೆ, ಇನ್ನೊಂದು ಸಲ ಸ್ಟಾರ್ಟ್ ಮಾಡಿಸು. ಮುದ್ದಯ್ಯ ಎದುರಿದ್ದವರ ತುಟಿ ನೋಡಿ ತಲೆ ಆಡಿಸುವುದನ್ನು ಕಲಿತ. ಯಳಂದೂರಿನಿಂದಲೂ ಗಾಡಿಗಳು ಬಂದವು.

"ಯಾರ್ಗೂ ಯೋಳ್ಬ್ಯಾಡ. ನಾನ್ ಸತ್ ಮ್ಯಾಲೂವೆ," ಎಂದು ಕೈ ಮೇಲೆ ಕೈ ಹಾಕಿಸಿಕೊಂಡಿದ್ದ. ಮದುವೆಯಾಗಿ ಹೋಗಿದ್ದ ಮಗಳಿಗೂ ಅವಳು ಹೇಳಿರಲಿಲ್ಲ.

*

ದೇವಣ್ಣ ಸ್ಪ್ಯಾನರ್ ತೆಗೆದ. "ಪೂರ್ತಿ ಬಿಚ್ಚಿ ತೊಳೀಬೇಕು. ಮಧ್ಯಾನ ಆಯ್ತದೆ."

ಶಿವರತ್ನಮ್ಮ ಎದ್ದಳು.

"ಹೆಣ ಬುಟ್ಟು ಏಳ್ಬಾರ್ದು ಕಣೇ!" ಮುದ್ದಯ್ಯನ ಅಕ್ಕ ಚಿಕ್ಕತಾಯಮ್ಮ ಸೆರಗು ಹಿಡಿದಳು.

"ಬುಡಿ ಅತ್ಗೆ."

ಬಟ್ಟೆಯೊಂದನ್ನು ನೀರಿಗದ್ದಿ ತಂದು ದೇವಣ್ಣನ ಮುಂದೆ ಹಿಡಿದಳು. "ಬಿಚ್ಬ್ಯಾಡ. ಕಾರ್ಬೊರೇಟರ್ ಕೂತಿರೋ ತಾವ ಪ್ಯಾಕಿಂಗ್ ಓಗದೆ. ಎಂಜಿನ್ ಓಡೋವಾಗ ಗಾಳಿ ಎಳೀತದೆ, ಸುಯ್ ಅಂತ. ಕೇಳಾಕಿಲ್ವಾ? ಈ ಬಟ್ಟೆ ಅಲ್ಲಿ ಒತ್ತಿ ನೋಡು, ಆಮ್ಯಾಕೆ ರಟ್ಟು ಕತ್ತರ್ಸಿ ಆಕು."

ದೇವಣ್ಣ ಸುತ್ತ ನಿಂತ ಗಂಡಸರತ್ತ ನೋಡಿದ. ಮೇಸ್ತ್ರಿಯ ಹಳೆಯ ಶಿಷ್ಯ. ಏಳು ವರ್ಷದಿಂದ ಅಗರದಲ್ಲಿ ಅವನದೇ ಷೆಡ್ಡು.

"ಅಕ್ಕಾ, ಸಂಕಟದಲ್ಲಿದ್ದೀರಿ. ಓಗಿ ಕೂತ್ಕಳಿ. ಮೇಸ್ತ್ರಿ ತಾವ ಕಲ್ತವ್ನು ನಾನು. ಅವ್ರ ಕಿವಿ ನಂಗೂ ಬಂದದೆ."

ಬಿಸಿಲು ಜಗುಲಿಯ ಮೆಟ್ಟಿಲು ಹತ್ತಿತ್ತು. ಅವಳು ಗಂಡನ ಕಡೆ ತಿರುಗಿ ನೋಡಿದಳು.

"ಅವ್ರ್ಗೆ ಕಿವಿ ಕೇಳ್ತಿರ್ಲಿಲ್ಲ ಕಣಪ್ಪ," ಎಂದಳು. "ಆರು ವರ್ಸ. ಕೇಳ್ತಿದ್ದವ್ಳು ನಾನು."

"ಸತ್ತವ್ನ ಮಾನ ತೆಗ್ದಲ್ಲೇ!" ಚಿಕ್ಕತಾಯಮ್ಮ ಎದೆ ಬಡಿದುಕೊಂಡಳು. ಚೌಡಯ್ಯ ಹೋಗಿ ಹ್ಯಾಂಡಲ್ ತಿರುವಿದ. ದೇವಣ್ಣ ಅವಳ ಮುಖ ನೋಡದೆ ಬಟ್ಟೆ ತಕ್ಕೊಂಡು, ಅವಳು ತೋರಿದ ಕಡೆ ಒತ್ತಿ ಹಿಡಿದ. ಕುಗ್ಗುತ್ತಿದ್ದ ಎಂಜಿನ್ ಏರಿತು, ಸಮವಾಗಿ ಓಡತೊಡಗಿತು.

ಸೀರೆ ಪೆಟ್ಟಿಗೆಯ ರಟ್ಟು ಹರಿದು ಪ್ಯಾಕಿಂಗ್ ಮಾಡಿ ಹಾಕಿದರು. ಕಾರು ಹನೂರಿನ ದಾರಿ ಹಿಡಿಯಿತು.

ನಾಲ್ಕು ಗಂಟೆಗೆ ರುದ್ರಾಣಿ ಬಂದಳು. ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿ, ಅಪ್ಪನ ಮೇಲೆ ಬಿದ್ದು, ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಅಪ್ಪಾ, ಬಂದಿವ್ನಿ ಕಣಪ್ಪಾ!"

ಶಿವರತ್ನಮ್ಮ ಮಗಳ ಗಲ್ಲ ಹಿಡಿದು ಮುಖ ಎತ್ತಿದಳು. ಗಂಡನ ಅರ್ಧ ಮುಚ್ಚಿದ ಕಣ್ಣುಗಳ ನೇರಕ್ಕೆ ತಂದು ನಿಲ್ಲಿಸಿದಳು.

"ಈಗ ಯೋಳವ್ವ. ಮೆಲ್ಗೆ."