ಅಜ್ಜನ ಕೈಯ ಮುಟಗಿ

ಅನುಸೂಯಾ ಮತ್ತೊಂದು ತುತ್ತನ್ನು ಮಗಳ ಬಾಯಿಗಿಟ್ಟಳು. ಭಾಗ್ಯಾ ಅದನ್ನೂ ಉಗುಳಿದಳು. ಅನ್ನ, ಆಮಟಿ ಸಾರು ಎರಡೂ ತಾಯಿಯ ಸೀರೆಯ ಮೇಲೆ ಬಿದ್ದವು. ಹೊರಗೆ ಅಂಗಳದಲ್ಲಿ ಅನುಸೂಯಾಳ ಮಾವ ಅಪ್ಪಾಸಾಬನ ಹೆಣಕ್ಕೆ ಸ್ನಾನ ಮಾಡಿಸಿ, ಹಣೆಗೆ ಅರಿಶಿನದ ಭಂಡಾರ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು.

"ಮುಟಗಿ," ಎಂದಳು ಹುಡುಗಿ. ಎರಡೂವರೆ ವರ್ಷದ ಅವಳಿಗೆ ಊಟಕ್ಕೆ ಗೊತ್ತಿದ್ದ ಶಬ್ದ ಅದೊಂದೇ.

"ಇವತ್ತ ಮುಟಗಿ ಇಲ್ಲ ಬಾಳಾ. ಹೊಳೆವ್ವ ಆಯಿ ಅನ್ನ ತಂದಾಳ ನೋಡು."

"ಅಜ್ಜಾ ಮುಟಗಿ."

ಪಕ್ಕದ ಮನೆಯ ಹೊಳೆವ್ವ ತಾನು ತಂದ ಅನ್ನದ ಪಾತ್ರೆಯನ್ನು ಮುಚ್ಚಿಟ್ಟಳು. "ನಸುಕಿನಿಂದ ಏನೂ ತಿಂದಿಲ್ಲೇನಬೇ ಇದು?"

"ಎರಡ ಗುಟುಕ ನೀರು ಕುಡದಾಳ್ರಿ. ಹಾಲು ಸೈತ ವಲ್ಲೆ ಅಂತಾಳ."

ಹೆಣ ಮನೆಯಲ್ಲಿರುವಾಗ ಒಲೆ ಹಚ್ಚುವಂತಿಲ್ಲ. ಮುಟಗಿಗೋ ಹಂಚಿನಿಂದ ಇಳಿದ ರೊಟ್ಟಿಯೇ ಬೇಕು. ಸುಡುವ ಜೋಳದ ರೊಟ್ಟಿಯನ್ನು ಮುರಿದು, ಬೆಳ್ಳುಳ್ಳಿ, ಉಪ್ಪು, ಚೂರು ಎಣ್ಣೆ ಹಾಕಿ ಕುಟ್ಟಿ, ಬಿಸಿ ಆರುವ ಮೊದಲೇ ಮುಷ್ಟಿಯಲ್ಲಿ ಹಿಚುಕಿ ಉಂಡೆ ಕಟ್ಟಬೇಕು. ತಣ್ಣಗಾದ ರೊಟ್ಟಿ ಉಂಡೆಯಾಗುವುದಿಲ್ಲ, ಪುಡಿಯಾಗುತ್ತದೆ.

ಭಾಗ್ಯಾ ಕೈ ತಪ್ಪಿಸಿಕೊಂಡು ಅಂಗಳಕ್ಕೆ ಓಡಿದಳು. ಅಜ್ಜನ ಬೆರಳು ಹಿಡಿದು ಜಗ್ಗಿದಳು. ಸುತ್ತ ಕೂತ ಹೆಂಗಸರ ಅಳು ಒಮ್ಮೆಲೇ ಏರಿತು. ಮಗು ಹೆದರಿ ಚೀರಿತು. ಮಾಳೇಶ ಬಂದು ಮಗಳನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟ. ಅಪ್ಪ ಸತ್ತಾಗಿನಿಂದ ಅವನು ಅತ್ತಿದ್ದನ್ನು ಯಾರೂ ನೋಡಿರಲಿಲ್ಲ.

* * *

ಅಪ್ಪಾಸಾಬ ಆಯುಷ್ಯವನ್ನೆಲ್ಲ ಕುರಿಗಳ ಹಿಂದೆ ನಡೆದು ಕಳೆದವನು. ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಕೊಂಕಣದ ಕಡೆ ಇಳಿದರೆ ಮಳೆಗಾಲಕ್ಕೇ ಊರು. ಮಾಳೇಶ ಚಿಕ್ಕವನಿದ್ದಾಗ, ಹಾಗೆ ಬಂದು ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿ, "ಯವ್ವಾ, ಯಾರೋ ಬಂದಾರ," ಎಂದು ಕೂಗಿದ್ದನಂತೆ. ಅನುಸೂಯಾಳ ಅತ್ತೆ ಸಾವಕ್ಕ ಬದುಕಿದ್ದಾಗ ಇದನ್ನು ನಗುತ್ತ ಹೇಳುತ್ತಿದ್ದಳು. ಅಪ್ಪಾಸಾಬ ಮಾತ್ರ ಆಗ ಎದ್ದು ಹೊರಗೆ ಹೋಗುತ್ತಿದ್ದ.

ಮಾಳೇಶ ಕುರಿಯ ತಂಟೆಗೇ ಹೋಗಲಿಲ್ಲ. ಬೋರಗಾಂವದ ಪವರ್‌ಲೂಮಿನಲ್ಲಿ ಕೆಲಸಕ್ಕೆ ನಿಂತ. ಮೊಣಕಾಲು ಸೋತ ಮೇಲೆ ಅಪ್ಪಾಸಾಬ ಹಿಂಡನ್ನು ತಮ್ಮ ಸತ್ತೆಪ್ಪನಿಗೆ ಒಪ್ಪಿಸಿ ಮನೆ ಹಿಡಿದ.

ಆ ಹೊತ್ತಿಗೆ ಭಾಗ್ಯಾಳಿಗೆ ಉಣಿಸುವುದೆಂದರೆ ಅನುಸೂಯಾಳಿಗೆ ದಿನದ ಯುದ್ಧವಾಗಿತ್ತು. ರವೆ ಗಂಜಿ, ಬಾಳೆಹಣ್ಣು, ತತ್ತಿ ಯಾವುದಕ್ಕೂ ಮಗು ಬಾಯಿ ಬಿಡುತ್ತಿರಲಿಲ್ಲ. ನಿಪ್ಪಾಣಿಯ ತವರಿನ ಮರಾಠಿಯಲ್ಲಿ, "ಖಾ ಗ ಬಾಳಾ," ತಿನ್ನೇ ಕೂಸೇ, ಎಂದು ಗೋಗರೆದು ಗೋಗರೆದು ಕೊನೆಗೆ ತಾನೇ ಅತ್ತುಬಿಡುತ್ತಿದ್ದಳು. ಒಂದು ಮುಂಜಾನೆ ಅಪ್ಪಾಸಾಬ ಕಟ್ಟೆಯ ಮೇಲೆ ತನಗೆಂದು ಕಟ್ಟಿಕೊಂಡ ಮುಟಗಿ ತಿನ್ನುತ್ತಿದ್ದಾಗ, ಮಗು ಅವನ ತೊಡೆ ಹತ್ತಿ ಬಾಯಿ ತೆರೆಯಿತು. ಅಲ್ಲಿಂದ ಮುಂದೆ ಮೂರು ಹೊತ್ತೂ ಅದೇ, ಅದೂ ಅವನ ಕೈಯಿಂದಲೇ.

"ಬರೇ ರೊಟ್ಟಿ ತಿಂದ್ರ ಹೆಂಗ್ರಿ ಮಾಂವಾ? ಡಾಕ್ಟರು ತತ್ತಿ ಕೊಡ್ರಿ ಅಂದಾರ."

"ತತ್ತಿನೂ ಅದರಾಗ ಕುಟ್ಟೂಣ ತಗೋ ಯವ್ವಾ. ತಿನ್ನಾಕತ್ತಾಳಲ್ಲ, ಅದ ದೊಡ್ಡದು."

ರಾತ್ರಿ ಪಾಳಿ ಮುಗಿಸಿ ಬಂದ ಮಾಳೇಶ ಒಂದು ದಿನ ಹೊಸ್ತಿಲಲ್ಲೇ ನಿಂತು ಇದನ್ನು ನೋಡಿದ. "ನನಗ ಒಂದ ದಿನ ತುತ್ತ ಮಾಡಿ ಕೊಟ್ಟಾಂವ ಅಲ್ಲ," ಎಂದು ಹೆಂಡತಿಗೆ ಹೇಳಿದ. ದನಿ ತಗ್ಗಿಸಲಿಲ್ಲ.

ಮರುದಿನ ತಾಟಿನಲ್ಲಿ ಎರಡು ಮುಟಗಿ ಇದ್ದವು, ಒಂದು ಸಣ್ಣದು, ಒಂದು ದೊಡ್ಡದು.

"ಮಾಳೂ, ತಿಂದ ಮಲಕೋಳೊ," ಎಂದ ಅಪ್ಪಾಸಾಬ.

"ಹಸಿವಿಲ್ಲ," ಎಂದು ಮಾಳೇಶ ಒಳಗೆ ಹೋದ.

ಆಮೇಲೂ ಅಪ್ಪಾಸಾಬ ದಿನಾ ಎರಡು ಕಟ್ಟುತ್ತಿದ್ದ. ಉಳಿದದ್ದನ್ನು ಸಂಜೆ ಮಜ್ಜಿಗೆಯಲ್ಲಿ ನೆನೆಸಿ ತಾನೇ ತಿನ್ನುತ್ತಿದ್ದ. ಅನುಸೂಯಾ ಗಂಡನಿಗೆ ಹೇಳಿ ನೋಡಿದಳು, ಆಮೇಲೆ ಬಿಟ್ಟಳು.

* * *

ಹೊಲದ ಬದುವಿನಲ್ಲಿ ಮಣ್ಣು ಮಾಡಿ ಗಂಡಸರು ಮರಳುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಭಾಗ್ಯಾಳ ಗಂಟಲು ಅತ್ತು ಅತ್ತು ಒಡೆದಿತ್ತು. ಹೊಳೆವ್ವ ತನ್ನ ಒಲೆಯ ಮೇಲೆ ರೊಟ್ಟಿ ಬಡಿದು ಮುಟಗಿ ಕಟ್ಟಿ ತಂದಿದ್ದಳು. ಮಗು ಅದನ್ನು ನೋಡಿ, ತಂದವಳ ಮುಖ ನೋಡಿ, ಮುಖ ತಿರುಗಿಸಿತ್ತು.

"ಹಟಾ ನೋಡ ಇದರದು," ಎಂದಳು ಹೊಳೆವ್ವ.

"ಹಟಾ ಅಲ್ರಿ ಕಾಕು," ಎಂದಳು ಅನುಸೂಯಾ. "ಕೈ ಬ್ಯಾರೆ ಆತು."

ಕಟ್ಟೆಯ ಮೇಲೆ ಸತ್ತೆಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ನಮ್ಮಣ್ಣ ತಾಯಿ ಸತ್ತ ಮರಿಗಳನ್ನ ಎದಿಗೆ ಕಟಗೊಂಡ ನಡೀತಿದ್ದ. ಬೆರಳ ಅದ್ದಿ ಅದ್ದಿ ಹಾಲ ಕುಡಸಂವ. ಅಂವನ ಕೈಯಾಗ ಒಂದ ಮರಿ ಹಸದ ಸತ್ತಿದ್ದಿಲ್ಲ."

ಮಾಳೇಶ ತಲೆ ಒರೆಸಿಕೊಳ್ಳುತ್ತ ನಿಂತಿದ್ದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಕಾಕು, ಇನ್ನೊಂದ ಬಿಸಿ ರೊಟ್ಟಿ ಬಡದ ಕೊಡ್ರಿ," ಎಂದ.

"ಮಣ್ಣ ಕೊಟ್ಟ ಬಂದ ಕೈಲೆ ಏನ ಕುಟ್ಟತೀಲೇ?" ಎಂದ ಸತ್ತೆಪ್ಪ.

"ಜಳಕಾ ಆಗೈತಿ ಕಾಕಾ. ಹುಡುಗಿ ಹಸದೈತಿ."

ಹೊಳೆವ್ವನ ಹಿತ್ತಿಲಿನ ಒಳಕಲ್ಲಿನ ಮುಂದೆ ಅವನು ಕುಕ್ಕುರುಗಾಲಿನಲ್ಲಿ ಕೂತ. ರೊಟ್ಟಿ ಬೆರಳು ಸುಟ್ಟಿತು. ಕೈ ಝಾಡಿಸಿ ಮತ್ತೆ ಹಿಡಿದ. ಬೆಳ್ಳುಳ್ಳಿ ಸಣ್ಣಗಾಗಲಿಲ್ಲ. ಕಟ್ಟಿದ ಉಂಡೆ ಒಡೆಯಿತು. ಎಣ್ಣೆ ಹೆಚ್ಚು ಹಾಕಿ ಮತ್ತೆ ಕಟ್ಟಿದ. ಅನುಸೂಯಾ ನೆರವಿಗೆ ಬಾಗಿದಾಗ, "ಇರಲಿ," ಎಂದ.

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚೂರು ಮುರಿದು ಹಿಡಿದ. ಅವಳು ತುಟಿ ಬಿಗಿದಳು. ಅವನು ಒತ್ತಾಯಿಸಲಿಲ್ಲ. ಅವನಲ್ಲಿ ಆ ಶಕ್ತಿಯೂ ಇರಲಿಲ್ಲ. ಕೈ ಹಾಗೇ ಹಿಡಿದು ಕೂತ. ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಭಾಗ್ಯಾ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಬೆರಳ ತುದಿಯಿಂದ ಚೂರು ಕಚ್ಚಿದಳು. ಬೆಳ್ಳುಳ್ಳಿಯ ತುಂಡು ನಾಲಗೆಗೆ ಸಿಕ್ಕು ಮುಖ ಕಿವುಚಿ ಉಗುಳಿದಳು. ಮಾಳೇಶ ಉಂಡೆ ಬಿಡಿಸಿ ಒಂದೊಂದೇ ತುಂಡು ಆರಿಸಿ ತೆಗೆದ. ಮತ್ತೆ ಹಿಡಿದ. ಅವಳು ಮತ್ತೆ ಬಾಯಿ ತೆರೆದಳು.

ಅರ್ಧ ಮುಗಿಯುವಷ್ಟರಲ್ಲಿ ಅವಳ ಕತ್ತು ನಿದ್ದೆಗೆ ವಾಲಿತು. ಒಂದು ಕೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು.

"ಬಾಯಾಗಿಂದು ತಗೀರಿ," ಎಂದಳು ಅನುಸೂಯಾ ಮೆಲ್ಲಗೆ. "ಗಂಟಲಕ್ಕ ಹತ್ತೀತು."

ಮಾಳೇಶ ಕಿರುಬೆರಳು ಹಾಕಿ, ಮಗಳು ಎಚ್ಚರಗೊಳ್ಳದಂತೆ ಆ ತುತ್ತನ್ನು ಹೊರಗೆಳೆದ. ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ತನ್ನ ಬಾಯಿಗೆ ಹಾಕಿಕೊಂಡು, ಗೋಡೆಗೆ ತಲೆಯಾನಿಸಿ, ನಿಧಾನವಾಗಿ ಅಗಿಯತೊಡಗಿದ.