ಕೆಳಬೀದಿಯ ನೀರು

“ಏಳನೇ ಅಧ್ಯಾಯ ಕಿತ್ತು ಬಿಸಾಕು ಲೋರ್ನಾ. ಉಳಿದದ್ದಕ್ಕೆಲ್ಲ ನಾವೇ ಚಪ್ಪಾಳೆ ಹೊಡೀತೀವಿ,” ಎಂದು ಸಂಘದ ಅಧ್ಯಕ್ಷ ಕ್ಲೈವ್ ಮೆಕ್ಯಾಫ್ರಿ ಹಸ್ತಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದ. ಸಭಾಂಗಣದ ತಗಡಿನ ಸೂರು ಶನಿವಾರದ ಬಿಸಿಲಿಗೆ ಟಿಕ್ಕೆನ್ನುತ್ತಿತ್ತು. ಮಡಿಚುವ ಕುರ್ಚಿಗಳಲ್ಲಿ ಕೂತಿದ್ದ ವಿಲ್ಗಾರಾ ಇತಿಹಾಸ ಸಂಘದವರು ಯಾರೂ ಅವಳತ್ತ ಕಣ್ಣೆತ್ತಲಿಲ್ಲ.

ಲೋರ್ನಾ ಟ್ರಿಗೀರ್ ಊರುಗಳ ಚರಿತ್ರೆ ಬರೆದೇ ಹೊಟ್ಟೆ ಹೊರೆದವಳು. ಚರಂಡಿ, ಕಸಾಯಿಖಾನೆ, ಟ್ರಾಮ್ ಹಳಿ, ಯಾರ ಬೀದಿಗೆ ದೀಪ ಮೊದಲು ಬಂತು, ಯಾರ ಬೀದಿಗೆ ಬರಲೇ ಇಲ್ಲ, ಇದೇ ಅವಳ ಬಾಳು. ವಿಶ್ವವಿದ್ಯಾಲಯ ಅವಳ ವಿಭಾಗಕ್ಕೆ ಬೀಗ ಜಡಿದ ಮೇಲೆ ಸಿಕ್ಕಿದ್ದು ಈ ಪುಸ್ತಕವೊಂದೇ: ಊರಿನ ನೂರೈವತ್ತನೇ ವರ್ಷಕ್ಕೆ ಊರಿನ ಕಥೆ. ಆರು ಅಧ್ಯಾಯ ಎಲ್ಲರಿಗೂ ಸಿಹಿಯಾಗಿತ್ತು. ಏಳನೆಯದರಲ್ಲಿ ದೊಡ್ಡ ನೆರೆ ಬಂತು. ಹೊಳೆಯ ಏರಿ ತಾನಾಗಿ ಒಡೆದು ಕೆಳಬೀದಿ ಮುಳುಗಿತೆಂದು ಊರು ನಂಬಿತ್ತು. ಪೇಟೆಯ ಅಂಗಡಿಗಳನ್ನು ಉಳಿಸಲು ಅಂದಿನ ಮೇಯರ್ ಏರಿಯನ್ನು ಕಡಿಸಿದ ಎಂದು ಲೋರ್ನಾ ಬರೆದಿದ್ದಳು. ಗುದ್ದಲಿ ಹಿಡಿದಿದ್ದವರಲ್ಲಿ ಇಬ್ಬರು, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು, ಸಾಯುವ ಮುಂಚೆ ಅವಳ ಟೇಪ್ ರೆಕಾರ್ಡರಿನ ಮುಂದೆ ಬಾಯಿಬಿಟ್ಟಿದ್ದರು. ಆ ಮೇಯರ್ ಕ್ಲೈವನ ಅಪ್ಪ. ಹೊಳೆಯ ಸೇತುವೆಗೆ ಇಟ್ಟಿದ್ದು ಆ ಅಪ್ಪನದೇ ಹೆಸರು.

“ಸತ್ತೋರ ಮಾತು ಕಟ್ಕೊಂಡು ಬಂದವ್ಳೆ ಡಾಕ್ಟರಮ್ಮ,” ಎಂದ ಹಿಂದಿನ ಸಾಲಿನ ಕಟುಕ ಡೆಸ್ಮಂಡ್. “ಒಂದೆರಡು ಬಿಯರ್ ಕುಡಿಸಿದ್ರೆ ಆ ಮುದುಕ್ರು ಚಂದ್ರನ ಮೇಲೆ ಹೋಗಿಬಂದ್ವಿ ಅಂತಾನೂ ಹೇಳ್ತಿದ್ರು.”

ನಗು ಎದ್ದಿತು.

“ನಾನು ಕುಡಿಸಿದ್ದು ಚಹಾ,” ಎಂದಳು ಲೋರ್ನಾ. “ಕಡಿದ ಜಾಗ ಇಬ್ಬರೂ ಒಂದೇ ಹೇಳಿದ್ರು. ಲಾಟೀನು ಹಿಡಿದೋರು ಯಾರು ಅಂತಾನೂ ಒಂದೇ ಹೇಳಿದ್ರು. ಅವರಿಗೆ ಹೇಳಿಕೊಟ್ಟೋರು ಯಾರು, ಡೆಸ್ಮಂಡ್?”

“ಏಯ್,” ಎಂದ ಡೆಸ್ಮಂಡ್, “ನೀನು ಸಿಡ್ನಿಯವಳು. ನಮ್ಮೂರ ಹೊಳೆ ವಿಷಯ ನಮಗೇ ಕಲಿಸ್ತೀಯ?”

ಲೋರ್ನಾ ಮುಂದಿನ ಸಾಲಿನಲ್ಲಿದ್ದ ಬೆರಿಲ್ ಹಾರ್ಗನ್ ಕಡೆ ತಿರುಗಿದಳು. ಮುದುಕಿ ಕೆಳಬೀದಿಯಲ್ಲಿ ಹುಟ್ಟಿದವಳು; ಅವಳ ತಮ್ಮ ಟೆಡ್ಡಿ ಆ ನೆರೆಯಲ್ಲೇ ಹೋಗಿದ್ದ. ಅಧ್ಯಾಯ ಬರೆಯುವಾಗ ಲೋರ್ನಾಳ ಕಣ್ಣೆದುರು ಇದ್ದವಳು ಅವಳೇ.

“ಬೆರಿಲ್, ನೀವಾದ್ರೂ ಹೇಳಿ.”

ಬೆರಿಲ್ ಕೋಲೂರಿ ಎದ್ದಳು. “ಹೇಳ್ತೀನಿ ಕಣೇ. ಇಷ್ಟು ವರ್ಷ ಹೊಳೆನ ಬೈಕೊಂಡು ಬದುಕಿದೆ. ಎಷ್ಟು ಬೈದ್ರೂ ಹೊಳೆ ತಿರುಗಿ ಮಾತಾಡಲ್ಲ, ಅದಕ್ಕೆ ಮಕ್ಕಳೂ ಇಲ್ಲ. ಈಗ ಬಂದು ಹೊಳೆಯಲ್ಲ, ಇವನಪ್ಪ ಅಂತೀಯ. ನನ್ನ ರಕ್ತ ತೊಳೆಸೋಕೆ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗೋನು ಈ ಕ್ಲೈವ್. ಇನ್ನು ಆ ಕಾರಲ್ಲಿ ಹ್ಯಾಗೆ ಕೂತ್ಕೊಳ್ಳಲಿ? ನೀನು ಬರೆದು ಮುಗಿಸಿ ಹೋಗ್ತೀಯ. ನಾನೆಲ್ಲಿಗೆ ಹೋಗ್ಲಿ? ಯಾರೇ ಕೇಳಿದ್ರು ನಿನ್ನ?”

ಕ್ಲೈವ್ ತನ್ನ ಬೂಟು ನೋಡಿಕೊಂಡ.

“ಅಧ್ಯಾಯ ತೆಗೆಯೋದಾದ್ರೆ ಪುಸ್ತಕದಿಂದ ನನ್ನ ಹೆಸರೂ ತೆಗೀರಿ,” ಎಂದಳು ಲೋರ್ನಾ.

“ಧಾರಾಳವಾಗಿ,” ಎಂದು ಕ್ಲೈವ್ ಕೈ ಎತ್ತಿಸಿದ. ಎಲ್ಲರೂ ಎತ್ತಿದರು. ಬೆರಿಲ್ ಎತ್ತಿದ್ದು ಕೊನೆಗೆ.

ಸಭೆಗೆ ಬರುವವರೆಲ್ಲ ಒಂದೊಂದು ತಟ್ಟೆ ತಿಂಡಿ ತರಬೇಕು, ತಟ್ಟೆ ಅದಲುಬದಲಾಗದಂತೆ ತಳಕ್ಕೆ ಹೆಸರು ಬರೆದ ಅಂಟುಪಟ್ಟಿ ಹಚ್ಚಬೇಕು. ಚಹಾ ಮುಗಿಯುವಷ್ಟರಲ್ಲಿ ಎಲ್ಲರ ತಟ್ಟೆಯೂ ಖಾಲಿ. ಲೋರ್ನಾಳ ಕುಂಬಳಕಾಯಿ ಸ್ಕೋನು ಬನ್ನುಗಳು ಮಾತ್ರ ಬೆಣ್ಣೆ ಕರಗಿ ಹಾಗೇ ಕೂತಿದ್ದವು. ಕ್ಲೈವನ ಹೆಂಡತಿ ವಿಲ್ಮಾ ಅವನ್ನೆಲ್ಲ ಕೋಳಿಗಳ ಬಕೆಟ್ಟಿಗೆ ಸುರಿದು, ತಟ್ಟೆ ತೊಳೆದು, ತಳದ ಪಟ್ಟಿಯನ್ನು ಉಗುರಿನಿಂದ ಕೆರೆದು ತೆಗೆದಳು.

“ತಗೋ. ಹೆಸರು ಬೇಡ ಅಂದ್ಯಲ್ಲ.”

ಒದ್ದೆ ತಟ್ಟೆಯನ್ನು ಕಂಕುಳಿಗೆ ಅವುಚಿಕೊಂಡು ಲೋರ್ನಾ ಹೊರಬಂದಳು. ವರಾಂಡದಲ್ಲಿ ಬೆರಿಲ್ ಒಬ್ಬಳೇ ಕಾರಿಗೆ ಕಾಯುತ್ತಿದ್ದಳು. ಲೋರ್ನಾ ತಲೆತಗ್ಗಿಸಿ ದಾಟಿ ಹೋಗುವಾಗ ಮುದುಕಿ ಬೀದಿಯತ್ತ ನೋಡುತ್ತಲೇ ಕೇಳಿದಳು.

“ನಮ್ಮ ಹಳೇ ಮನೆ ಕೆಡವಿದಾಗ ಹಲಗೆ ಹಿಂದೆ ಕೆಸರಿನ ಗುರುತು ನೋಡ್ದೆ ಅಂತ ಬರೆದಿದ್ದೀಯಲ್ಲ. ಎಷ್ಟೆತ್ತರ ಇತ್ತು?”

“ಬೇಡ ಬಿಡಿ ಬೆರಿಲ್.”

“ಕೇಳಿದ್ದಕ್ಕೆ ಹೇಳಿ ಹೋಗು.”

ಲೋರ್ನಾ ವರಾಂಡದ ಕಂಬದ ಮೇಲೆ ಕೈ ನಿಲುಕುವಷ್ಟು ಎತ್ತಿದಳು. “ಇದಕ್ಕಿಂತ ಒಂದು ಗೇಣು ಮೇಲೆ.”

ಬೆರಿಲ್ ಕೋಲನ್ನು ಮೇಲೆತ್ತಿ, ಅದರ ತುದಿಯನ್ನು ಆ ಜಾಗಕ್ಕೆ ಒತ್ತಿ ಹಿಡಿದಳು.

“ಟೆಡ್ಡಿನ ಮೇಜಿನ ಮೇಲೆ ನಿಲ್ಲಿಸಿದ್ದೆ ನಾನು. ಅಪ್ಪ ದೋಣಿ ತರೋಕೆ ಹೋಗಿದ್ದ. ಹೊಳೆ ಏರೋಕೆ ಇನ್ನೂ ಹೊತ್ತಿದೆ, ಮೇಜಿನ ಮೇಲೆ ನಿಂತ್ರೆ ಸಾಕು ಅಂದಿದ್ದ. ನೀರು ಒಂದೇ ಸಲಕ್ಕೆ ನುಗ್ಗಿಬಂತು.”

ಕ್ಲೈವನ ಕಾರು ಮೆಟ್ಟಿಲ ಬಳಿ ಬಂದು ನಿಂತಿತು. ಅವನು ಇಳಿದು, ಈ ಬದಿಗೆ ಬಂದು, ಅವಳಿಗಾಗಿ ಬಾಗಿಲು ತೆಗೆದು ಹಿಡಿದ.

ಬೆರಿಲ್ ಕೋಲು ಇಳಿಸಲಿಲ್ಲ.